ಕರಪತ್ರದ ಕೊನೆಯ ಸಾಲು

ಮನೆಯಿಂದ, ನಿನ್ನ ಹೊಲಿಗೆ ಯಂತ್ರದ ಪಕ್ಕ
ಭಾನುವಾರ, ಮಾರ್ಚ್ ಒಂಬತ್ತು

ಪ್ರೀತಿಯ ಅಮ್ಮಾ,

ನಾನು ಬರೆದದ್ದು ತಪ್ಪು. ನನ್ನ ಕರಪತ್ರದ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆನಲ್ಲ, ‘ಭಯದ ಗುಳಿಗೆಗಳನ್ನು ಇಂದೇ ಎಸೆಯಿರಿ’ ಎಂದು, ಆ ಸಾಲು ತಪ್ಪು. ಅದರಿಂದಾಗಿ ಗುಳಿಗೆ ಬಿಟ್ಟು ನೀನು ಬಿದ್ದೆ. ಇದನ್ನು ಹೇಳದೆ ಕ್ಷೇಮ ಕೇಳಲು ಬಾಯಿ ಬರಲಿಲ್ಲ. ಈಗ ಹೇಳು, ಹೇಗಿದ್ದೀಯಮ್ಮ? ನಿದ್ದೆ ಬರುತ್ತಿದೆಯಾ? ಸೂಜಿಗೆ ದಾರ ಪೋಣಿಸುವಷ್ಟು ಕೈ ನಿಂತಿದೆಯಾ? ಫೋನ್ ಮಾಡಿದರೆ ‘ಹೂಂ, ಹೂಂ’ ಎಂದು ಮಾವನ ಕೈಗೆ ಕೊಟ್ಟುಬಿಡುತ್ತೀ. ನಾನು ಬರೆದದ್ದನ್ನಾದರೆ ಎರಡೆರಡು ಸಲ ಓದುತ್ತೀ. ಅದಕ್ಕೇ ಈ ಕಾಗದ.

ಮಾವ ನಿನ್ನನ್ನು ಅವನ ಊರಿಗೆ ಕರೆದೊಯ್ದು ಮೂರು ವಾರವಾಯಿತು. ಯಂತ್ರದ ಸೂಜಿಯ ಕೆಳಗೆ ಶಾಲೆಯ ಅಂಗಿ ಹಾಗೇ ಇದೆ, ಒಂದೇ ತೋಳಿನದು. ತೆಗೆಯಲು ಮನಸ್ಸಾಗಿಲ್ಲ. ಮೊನ್ನೆ ಏನನ್ನೋ ಓದುತ್ತ ಸಿಟ್ಟು ಬಂದು ಗಟ್ಟಿಯಾಗಿ ವಾದಿಸತೊಡಗಿದೆ. ‘ಸಾಕು ಮಾಡೇ ಕೆಂಡಾ, ನನ್ನ ಕಿವಿಗೂ ಒಂದು ರಜೆ ಕೊಡು’ ಎನ್ನಲು ಯಾರೂ ಇರಲಿಲ್ಲ. ವಾದ ಅರ್ಧಕ್ಕೇ ನಿಂತಿತು. ಕೇಳುವವರಿಲ್ಲದ ಮನೆಯಲ್ಲಿ ಸರಿಯಾದ ಮಾತೂ ಪೆದ್ದು ಮಾತಿನ ಹಾಗೆ ಕೇಳಿಸುತ್ತದೆ. ನನ್ನ ಅಂಗಿಯ ಗುಂಡಿಯೊಂದು ಕಿತ್ತುಹೋಗಿದೆ, ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೇನೆ. ‘ಲೋಕಾನೇ ರಿಪೇರಿ ಮಾಡ್ತಾಳಂತೆ, ಒಂದು ಗುಂಡಿ ಹಚ್ಚೋಕೆ ಬರಲ್ಲ’ ಎಂದು ನಗಬೇಡ.

ಮೂರು ವರ್ಷ ಡಾಕ್ಟರೊಬ್ಬರು ಬರೆದ ಒಂದೇ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ಗುಳಿಗೆ ತಂದೆವು. ನಿನ್ನ ಎದೆಯ ಢವಢವ ನಿಂತಿತು, ನಿಜ. ನಿಧಾನಕ್ಕೆ ನಗುವೂ ನಿಂತಿತು. ನೀನು ಯಂತ್ರದ ಮುಂದೆ ಕೂತು ಗೋಡೆ ನೋಡುತ್ತಿದ್ದೆ. ಏನಾಯಿತೆಂದು ಕೇಳಿದರೆ ‘ಏನೂ ಬೇಡ ಅನ್ನಿಸುತ್ತೆ’ ಅಂದೆ. ನಾನು ನಾಲ್ಕು ಕಿರುಪುಸ್ತಕ ಓದಿ ಎಲ್ಲ ಅರ್ಥವಾಯಿತೆಂದುಕೊಂಡೆ, ಐನೂರು ಪ್ರತಿ ಅಚ್ಚು ಹಾಕಿಸಿದೆ. ನೀನು ಪಕ್ಕದ ಮನೆಯಕ್ಕನ ಹತ್ತಿರ ‘ಮಗಳು ಬೀದೀಲಿ ಎಸೀರಿ ಅಂತ ಹಂಚ್ತಿರೋವಾಗ ನಾನು ಒಳಗೆ ನುಂಗ್ತಾ ಕೂತ್ರೆ ಅವಳ ಮರ್ಯಾದೆ ಏನಾಗ್ಬೇಕು’ ಅಂದೆಯಂತೆ. ನನಗೆ ಒಂದು ಮಾತೂ ಹೇಳದೆ ಗುಳಿಗೆ ನಿಲ್ಲಿಸಿಬಿಟ್ಟೆ. ನಾಲ್ಕನೆಯ ದಿನ ಇಸ್ತ್ರಿ ಮೇಜಿನ ಪಕ್ಕ ನೀನು ಕೈಕಾಲು ಸೆಟೆದು ಬಿದ್ದಾಗ, ನಾನು ಬಸ್ ನಿಲ್ದಾಣದಲ್ಲಿ ಅದೇ ಸಾಲನ್ನು ಕೂಗಿ ಹೇಳುತ್ತಿದ್ದೆ.

ಆಸ್ಪತ್ರೆಯಲ್ಲಿ ನಿನ್ನನ್ನು ನೋಡಿದ ಡಾಕ್ಟರಮ್ಮ ನನ್ನ ಕರಪತ್ರವನ್ನು ಪೂರ್ತಿ ಓದಿದರು, ಗೊತ್ತಾ? ‘ಕೊನೇ ಸಾಲು ಬಿಟ್ಟು ಮಿಕ್ಕಿದ್ದರಲ್ಲಿ ಅರ್ಧ ಸರಿ ಇದೆ’ ಅಂದರು. ಭಯವನ್ನು ಅಡಗಿಸುವ ಈ ಗುಳಿಗೆ ಬಹಳ ಕಾಲ ತೆಗೆದುಕೊಂಡರೆ ಕೆಲವರಲ್ಲಿ ಮನಸ್ಸಿನ ಕುಗ್ಗು ಹೆಚ್ಚುವುದುಂಟಂತೆ. ನಿನ್ನದೂ ಹಾಗಿರಬಹುದು, ಬೇರೆ ಕಾರಣವೂ ಇರಬಹುದು. ಆ ಕುಗ್ಗನ್ನು ಬೇರೆಯಾಗಿಯೇ ನೋಡಬೇಕಂತೆ. ಆದರೆ ಮೈ ಗುಳಿಗೆಗೆ ಒಗ್ಗಿಹೋಗಿರುತ್ತದೆ, ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು. ಚೂರು ಚೂರೇ ಇಳಿಸಬೇಕು, ತಿಂಗಳುಗಟ್ಟಲೆ ಹಿಡಿದರೂ ಸರಿ. ಎಷ್ಟು, ಯಾವಾಗ ಎಂದು ಅವರೇ ಹೇಳುತ್ತಾರೆ. ನಡುವೆ ಕಷ್ಟವಾದರೆ ಅಲ್ಲೇ ನಿಂತು ಸುಧಾರಿಸಿಕೊಳ್ಳುವುದು. ಹಾಗೆ ನಿಂತರೆ ಸೋಲಲ್ಲ ಅಮ್ಮಾ. ಕೇಳುವವರಿಲ್ಲದೆ ಮೂರು ವರ್ಷ ಒಂದೇ ಚೀಟಿ ಓಡಿದ್ದು ಅನ್ಯಾಯ. ಆ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ. ಸರಿದದ್ದು ಒಂದು ಸಾಲಿನಿಂದ ಮಾತ್ರ. ಮನೆಯಲ್ಲಿ ಉಳಿದ ಪ್ರತಿಗಳಲ್ಲಿ ಅದನ್ನು ಹೊಡೆದುಹಾಕಿ, ‘ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ’ ಎಂದು ಕೈಯಲ್ಲೇ ಬರೆದು ಅದೇ ನಿಲ್ದಾಣದಲ್ಲಿ ಹಂಚುತ್ತಿದ್ದೇನೆ. ಟಿಕೆಟ್ ಕಿಟಕಿಯವನು ‘ಏನಮ್ಮಾ, ಹೋದ ತಿಂಗಳು ಎಸೀರಿ ಅಂದೆ, ಈ ತಿಂಗಳು ನುಂಗಿ ಅಂತೀಯ, ಕಂಪನಿಯೋರು ಕೊಂಡ್ಕೊಂಡ್ರಾ?’ ಎಂದು ಎಲ್ಲರ ಮುಂದೆ ನಕ್ಕ. ನಗಲಿ. ಮೊದಲಿನ ಮುನ್ನೂರು ಪ್ರತಿ ಯಾರ ಯಾರ ಮನೆಯಲ್ಲಿವೆಯೋ, ನನಗೆ ಅದರದೇ ಚಿಂತೆ.

ಮಾವನಿಗೆ, ಅತ್ತೆಗೆ ನಮಸ್ಕಾರ ಹೇಳು. ಅತ್ತೆ ಬಡಿಸಿದ್ದನ್ನು ಬೇಡ ಅನ್ನದೆ ಉಣ್ಣು. ಈ ಮಾತು ಹೇಳುವ ಸರದಿ ನನಗೆ ಬಂತು ನೋಡು.

ನಿನ್ನ ಬಾಯಿಯ ಬೈಗುಳಕ್ಕೆ ಹಸಿದಿರುವ,
ಕೆಂಡ

ಮತ್ತೆ: ಪಕ್ಕದ ಮನೆಯ ಬಸ್ ಡ್ರೈವರಣ್ಣ ಈ ಕಾಗದ ಒಯ್ಯಲು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತೇನೆ. ಗುಂಡಿ ಹಚ್ಚೋಣವೆಂದು ಕಾಗದ ಮುಗಿಸಿದ ಮೇಲೆ ನಿನ್ನ ಗುಂಡಿ ಡಬ್ಬಿ ತೆರೆದೆ. ಬಿಳಿ ಗುಂಡಿಗಳ ನಡುವೆ ಆರು ಗುಳಿಗೆ ಸಿಕ್ಕವು. ಆಸ್ಪತ್ರೆಯಿಂದ ಬಂದ ಮೇಲೆ ನಾನೇ ನಿನ್ನ ಕೈಗೆ ಕೊಟ್ಟವು. ನನ್ನೆದುರೇ ನೀರು ಕುಡಿದೆಯಲ್ಲಮ್ಮ! ಅಲ್ಲೂ ಹೀಗೇ ಮಾಡುತ್ತಿದ್ದೀಯಾ? ನನ್ನನ್ನು ಗೆಲ್ಲಿಸಬೇಡ, ನಾನು ಸೋತಾಗಿದೆ. ಮಾವನಿಗೂ ಡಾಕ್ಟರಮ್ಮನಿಗೂ ಫೋನ್ ಮಾಡಿ ಹೇಳಿದೆ, ಬೈಯಬೇಡ. ಎಷ್ಟು ತಪ್ಪಿಸಿದೆ ಎಂದು ಮಾವನಿಗೆ ನಿಜ ಹೇಳು. ತಪ್ಪಿದ್ದಕ್ಕೆಂದು ಎರಡು ಒಟ್ಟಿಗೆ ನುಂಗಬೇಡ. ಡಾಕ್ಟರಮ್ಮ ಈಗ ಮಾವನಿಗೆ ಹೇಳಿದಷ್ಟೇ, ಅವನೆದುರು, ದಿನವೂ. ನಡುಕ ಹೆಚ್ಚಿದರೆ ನನ್ನನ್ನು ಕಾಯದೆ ಅಲ್ಲಿಯ ಆಸ್ಪತ್ರೆಗೇ ಹೋಗಿ. ಇಲ್ಲವಾದರೆ ಇಲ್ಲಿಗೆ ಬಾ, ಇಳಿಸುವ ಲೆಕ್ಕವನ್ನು ಡಾಕ್ಟರಮ್ಮನೆದುರು ಇಬ್ಬರೂ ಕೂತು ಕೇಳೋಣ. ಗುಂಡಿ ಹಚ್ಚಿಲ್ಲ, ಪಿನ್ನು ಚುಚ್ಚಿದ ಅಂಗಿಯಲ್ಲೇ ಇಲ್ಲಿಯ ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ನಿಂತಿರುತ್ತೇನೆ, ಸೂಜಿ ದಾರ ತಾ. ಈ ಗುರುವಾರ, ಬೆಳಗ್ಗೆ ಹತ್ತೂವರೆ.