ಸುಮ್ಮನೆ ತಗೊಳ್ಳುವುದು

ಜುಲೈ 9, ಬುಧವಾರ

ನಾಳೆ ಗುರುಪೂರ್ಣಿಮೆ. ನಾಶಿಕದ ಪಂಚವಟಿಯಲ್ಲಿ ಈಗಲೇ ಕಾಲಿಡಲು ಜಾಗವಿಲ್ಲ. ಹೋಟೆಲಿಗೆ ಹೆಚ್ಚಿಗೆ ಉದ್ದು ನೆನೆ ಹಾಕಿಸಿದೆ. ಗ್ರೈಂಡರ್ ಮತ್ತೆ ಕರಕರ ಎನ್ನುತ್ತಿದೆ. ಇವರು ಬೆಳಗ್ಗಿನಿಂದ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದಿಲ್ಲ.

ಮಧ್ಯಾಹ್ನ ಒಂದು ಫೋನ್. ಗೊತ್ತಿಲ್ಲದ ನಂಬರ್. ಹೆಂಗಸು, ಮರಾಠಿ. ಸ್ವರೂಪನ ಅತ್ತಿಗೆಯಾ ಎಂದು ಕೇಳಿದರು. ಹೆಸರು ರಾಧಾಬಾಯಿ, ಸಂಭಾಜಿನಗರದಿಂದ. ಲಿವರ್ ಹೋಗಿದೆಯಂತೆ ಅವನಿಗೆ. ಸರ್ಕಾರಿ ಆಸ್ಪತ್ರೆ. ನನ್ನನ್ನೇ ಕೇಳುತ್ತಿದ್ದಾನಂತೆ.

ಕಟ್ ಮಾಡಿದೆ. ಚಟ್ನಿಗೆ ಉಪ್ಪು ಎರಡು ಸಲ ಹಾಕಿದೆನೋ ಏನೋ.

ಜುಲೈ 10

ಹೇಳಿದೆ. ಇವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ.

"ಆ ಹೆಸರು ಈ ಮನೆಯಲ್ಲಿ ಬೇಡ ಅಂತ ಹೇಳಿದ್ದೆ ಅಲ್ವಾ?"

"ಸಾಯ್ತಾ ಇದ್ದಾನೆ."

"ಸಾಯ್ಲಿ."

ಸ್ವರೂಪ ಇವರ ತಮ್ಮ. ಅತ್ತೆ ತೀರಿಕೊಂಡಾಗ ಅವನಿಗೆ ಎಂಟು ವರ್ಷ. ಕಾರ್ಕಳದಿಂದ ಇವರೇ ಕರೆತಂದು ನನ್ನ ಮಡಿಲಿಗೆ ಹಾಕಿದರು. ನನಗೆ ಮಕ್ಕಳಾಗಿರಲಿಲ್ಲ ಆಗ. ಅವನೇ ಮಗ. ನಿಶ್ಮಿತಾ ಹುಟ್ಟಿದ್ದು ಎಷ್ಟೋ ವರ್ಷದ ಮೇಲೆ. ಚಿಕ್ಕಪ್ಪ ಅಂದರೆ ಅವಳಿಗೆ ಪ್ರಾಣ.

ಆರು ವರ್ಷದ ಹಿಂದೆ, ಆಗಸ್ಟಿನಲ್ಲಿ. ಗೋದಾವರಿ ತುಂಬಿದಾಗ ನಾಶಿಕದ ಜನವೆಲ್ಲ ನೀರು ನೋಡಲು ಹೋಗುತ್ತಾರೆ. ಅವನೂ ಅವಳನ್ನು ಕರೆದುಕೊಂಡು ಹೋದ. ಕುಡಿದಿದ್ದ. ಅವಳ ಕೈ ಜಾರಿತು. ಹಾರಿದ, ಅವನನ್ನು ಯಾರೋ ಎಳೆದು ತೆಗೆದರು. ಅವಳು ಹೊಳೆಯ ಕೆಳಗೆ, ನಿಫಾಡ್ ಕಡೆ ಸಿಕ್ಕಳು.

ಇಷ್ಟೇ ಬರೆಯಬಲ್ಲೆ.

ಜುಲೈ 13, ಭಾನುವಾರ. ರೈಲಿನಲ್ಲಿ, ವಾಪಸ್

ಹೋಗುತ್ತೇನೆ ಎಂದೆ ಇವರಿಗೆ. ಬೇಡ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಗುರುತೇ ಸಿಗಲಿಲ್ಲ. ಕಣ್ಣು ಅರಿಶಿನ. ಹೊಟ್ಟೆ ಊದಿದೆ, ಕೈಕಾಲು ಕಡ್ಡಿ. ನನ್ನನ್ನು ಕಂಡು ಏಳಲು ಹೋದ. ಆಗಲಿಲ್ಲ. "ಅತ್ತಿಗೆ, ಊಟ ಆಯ್ತಾ?" ಎಂದ. ಮೊದಲ ಮಾತು ಅದು.

ರಾಧಾಬಾಯಿ ಪಕ್ಕದಲ್ಲಿದ್ದರು. ಅಲ್ಲಿನ ಸಣ್ಣ ಚರ್ಚಿನವರು ನಡೆಸುವ ವೃದ್ಧಾಶ್ರಮದಲ್ಲಿ ಆಯಾ. ಅವನೂ ಅಲ್ಲೇ ಇದ್ದನಂತೆ ಇಷ್ಟು ವರ್ಷ. ಕುಡಿತ ಬಿಟ್ಟು ಬಹಳ ಕಾಲವಾಯಿತಂತೆ, ಆದರೆ ಲಿವರ್ ಆಗಲೇ ಹೋಗಿತ್ತು. ಮುದುಕರ ಮಲ ಬಳಿಯುವುದು, ಹುಣ್ಣು ತೊಳೆಯುವುದು, ಯಾರೂ ಮುಟ್ಟದ್ದೆಲ್ಲ ಅವನೇ. ಒಂದೇ ಹೊತ್ತು ಊಟ. ನೆಲದ ಮೇಲೆ ನಿದ್ದೆ. ಚಳಿಗೂ ಹೊದಿಕೆ ಬೇಡ. "ಹೇಳಿ ಹೇಳಿ ಸಾಕಾಯಿತು ನನಗೆ" ಎಂದರು ಮರಾಠಿಯಲ್ಲಿ. "ಯೇಸುವಿಗೆ ಇದೆಲ್ಲ ಬೇಡ ಬೇಟಾ, ಇದರಿಂದ ಯಾರಿಗೂ ಬಿಡುಗಡೆ ಆಗುವುದಿಲ್ಲ ಅಂದರೆ ಕೇಳುವುದಿಲ್ಲ."

ಅವನು ನನ್ನ ಸೆರಗು ನೋಡುತ್ತಾ ಮಾತಾಡಿದ. ಮುಖ ನೋಡಲಿಲ್ಲ.

"ಇವ್ರು ಹೇಳ್ತಾರೆ ಅತ್ತಿಗೆ, ನನ್ನ ಪಾಪ ಎಲ್ಲ ಆ ಯೇಸುವೇ ಹೊತ್ತಾಗಿದೆ ಅಂತ. ನಾನು ಇನ್ನು ಮಾಡ್ಲಿಕ್ಕೆ ಎಂತದೂ ಇಲ್ಲ, ನಂಬಿದ್ರೆ ಸಾಕು ಅಂತ. ಅದೊಂದು ಆಗುದಿಲ್ಲ ನನ್ನಿಂದ."

"ಯಾವುದು?"

"ಸುಮ್ಮನೆ ತಗೊಳ್ಳುದು."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. ಆಮೇಲೆ— "ನೀವು ಹೇಳಿದ್ರೆ ನಂಬ್ತೇನೆ."

ಎದ್ದು ಹೊರಗೆ ಬಂದೆ. ವರಾಂಡದಲ್ಲಿ ರಾಧಾಬಾಯಿ ಮೇಲೆ ಹರಿಹಾಯ್ದೆ. ಮರಾಠಿ, ಹಿಂದಿ, ಯಾವುದು ಬಾಯಿಗೆ ಬಂತೋ ಅದು. ಸತ್ತದ್ದು ನನ್ನ ಮಗು. ಅವನಿಗೆ ಎಲ್ಲ ಪುಕ್ಕಟೆಯಾ?

"ಪುಕ್ಕಟೆ ಅಲ್ಲ ತಾಯಿ. ಬೆಲೆ ತೆತ್ತವನು ಬೇರೆ. ದೇವರೂ ಮಗನನ್ನು ಕಳೆದುಕೊಂಡವನೇ. ನಮ್ಮ ಮೇಲಿನ ಪ್ರೀತಿಗೆ ಅವನನ್ನು ಕೊಟ್ಟ."

"ನಿಮ್ಮ ದೇವರು ಕೊಟ್ಟ. ನಾನು ಕೊಡಲಿಲ್ಲ. ನನ್ನಿಂದ ಕಿತ್ತುಕೊಂಡು ಹೋದದ್ದು."

ಅವರು ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟರು. ಕುಡಿದೆ.

ಒಳಗೆ ಮತ್ತೆ ಹೋಗಲಿಲ್ಲ. ಹೇಳದೆ ಬಂದೆ.

ಜುಲೈ 19

ಮೇಲಿನ ಅಣೆಕಟ್ಟಿನಿಂದ ಗೋದಾವರಿಗೆ ನೀರು ಬಿಟ್ಟಿದ್ದಾರೆ. ನದಿಯೊಳಗೆ ನಿಂತ ದುತೋಂಡ್ಯಾ ಮಾರುತಿಯ ಮೂರ್ತಿಯ ಮೊಣಕಾಲು ಮುಳುಗಿತು ಎಂದು ಗಿರಾಕಿಗಳು ಮಾತಾಡುತ್ತಿದ್ದರು. ಸಂತೋಷದಲ್ಲಿ. ನಾನು ಹಿಂದಿನ ಬಾಗಿಲು ಹಾಕಿ ಕುಳಿತೆ.

ಒಂದು ವಿಷಯ ಬರೆದುಬಿಡಬೇಕು. ನೆಲದ ಮೇಲೆ ಮಲಗುತ್ತಾನೆ ಎಂದು ಅವರು ಹೇಳಿದಾಗ ಒಳಗೆ ತಂಪಾಯಿತು ನನಗೆ. ಹೊದಿಕೆ ಇಲ್ಲ ಎಂದಾಗ ಇನ್ನೂ. ಅವನು ನರಳುವವರೆಗೆ ನಿಶ್ಮಿತಾ ಎಲ್ಲೋ ಇದ್ದಾಳೆ... ಇವರು ಅವಳ ಹೆಸರೆತ್ತುವುದಿಲ್ಲ. ಫೋಟೋ ಕಪಾಟಿನ ಒಳಗೆ. ಅವಳಿಗಾಗಿ ದಿನವೂ ನೋಯುವವನು ಅವನೊಬ್ಬನೇ. ಅವನಿಗೂ ಬಿಡುಗಡೆಯಾದರೆ ಅವಳು ಪೂರ್ತಿ ಹೋದಹಾಗೆ.

ಹೀಗೆ ಯಾರಾದರೂ ಯೋಚಿಸುತ್ತಾರಾ. ನಾನು ಯೋಚಿಸುತ್ತೇನೆ.

ಜುಲೈ 23. ಸಂಭಾಜಿನಗರ

ನಿನ್ನೆ ರಾಧಾಬಾಯಿ ಫೋನ್. ಬಾ ಎನ್ನಲಿಲ್ಲ. "ಇನ್ನು ಹೆಚ್ಚು ಹೊತ್ತಿಲ್ಲ" ಎಂದಷ್ಟೇ. ಬೆಳಗ್ಗಿನ ರೈಲಿಗೆ ಬಂದೆ.

ಅರೆಪ್ರಜ್ಞೆ. ಬಾಯಿ ಒಣಗಿ ತುಟಿ ಒಡೆದಿದೆ. ಚಮಚದಲ್ಲಿ ಗಂಜಿತಿಳಿ ಕೊಟ್ಟೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಾಡುತ್ತಿದ್ದ ಹಾಗೇ ನಾಲಗೆ ಚಾಚಿದ. ಅಲ್ಲಿ ಒಮ್ಮೆ ನನಗೆ ತಡೆಯಲಾಗಲಿಲ್ಲ.

ಕ್ಷಮಿಸಿದೆ ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಸುಳ್ಳಾಗುತ್ತಿತ್ತು. ಸಾಯುವವನಿಗೆ ಸುಳ್ಳು ಹೇಳಬಾರದು.

"ಸ್ವರೂಪ, ಕೇಳ್ತದಾ? ನನ್ನ ಕೈಲಿ ಆಗ್ಲಿಲ್ಲ ಮಗ. ಇವತ್ತಿಗೂ ಆಗ್ಲಿಲ್ಲ. ಇವ್ರು ಹೇಳುವ ದೇವರ ಕೈಲಿ ಆಗ್ತದೆ ಅಂತಾದ್ರೆ ತಗೋ. ನನ್ನನ್ನು ಕಾಯ್ಬೇಡ. ನಾನು ಅಡ್ಡ ನಿಲ್ಲುದಿಲ್ಲ."

"ಹೌದಾ?" ಎಂದ. ಎಂಟು ವರ್ಷದ ಹುಡುಗನ ದನಿ.

"ಹೌದು."

"ನಾನು ಎಂತ ಕೊಡ್ಬೇಕು?"

"ಎಂತದೂ ಬೇಡವಂತೆ."

ಅತ್ತ. ಕಣ್ಣೀರೂ ಹಳದಿಯೇನೋ ಎನ್ನಿಸಿತು.

ಸಂಜೆ ಪಾಸ್ಟರ್ ಬಂದರು. ಅವನೇ ಕೇಳಿದ್ದು ದೀಕ್ಷಾಸ್ನಾನಕ್ಕೆ. ಹಾಸಿಗೆಯಲ್ಲೇ, ಸ್ಟೀಲ್ ಲೋಟದಲ್ಲಿ ನೀರು. ನಂಬುತ್ತೀಯಾ ಎಂದು ಪಾಸ್ಟರ್ ಕೇಳಿದರು. ತುಟಿ ಅಲ್ಲಾಡಿತು. ಲೋಟ ತಲೆಯ ಹತ್ತಿರ ಬಂದಾಗ ಹೆದರಿಬಿಟ್ಟ. ನೀರಿಗೆ ಹೆದರಿದ. ಗಾಳಿಯಲ್ಲಿ ಕೈ ತಡಕಿದ, ನನ್ನ ಕೈ ಸಿಕ್ಕಿತು, ಹಿಡಿದುಕೊಂಡ. ಬಿಡಿಸಿಕೊಳ್ಳಬೇಕು ಎನಿಸಿತು. ಬಿಡಿಸಿಕೊಳ್ಳಲಿಲ್ಲ.

ಜುಲೈ 25

ಬೆಳಗ್ಗೆ ಹೋದ. ಶಾಂತವಾಗಿ ಏನಲ್ಲ. ರಕ್ತ ಕಾರಿದ. ರಾಧಾಬಾಯಿ ಒರೆಸುತ್ತಾ ಏನೋ ಪ್ರಾರ್ಥನೆ ಹೇಳುತ್ತಿದ್ದರು, ಮಧ್ಯೆ ಮಧ್ಯೆ ಅಳು.

ಇವರಿಗೆ ಫೋನ್ ಮಾಡಿದೆ. ಕೇಳಿಸಿಕೊಂಡರು. ಹಿಂದೆ ತಟ್ಟೆಗಳ ಸದ್ದು. ಇಟ್ಟುಬಿಟ್ಟರು.

ಮಧ್ಯಾಹ್ನ ಮಣ್ಣು ಮಾಡಿದರು. ಸಣ್ಣ ಮಳೆ. ಆಶ್ರಮದ ಮುದುಕರು ಕೆಲವರು ಬಂದಿದ್ದರು, ಇವನು ಹುಣ್ಣು ತೊಳೆದವರು. ನಿಶ್ಮಿತಾಳ ಜೊತೆ ನನ್ನನ್ನು ಸ್ಮಶಾನಕ್ಕೆ ಬಿಟ್ಟಿರಲಿಲ್ಲ, ಹೆಂಗಸರು ಹೋಗಬಾರದೆಂದು. ಇಲ್ಲಿ ಮುಂದೆಯೇ ನಿಲ್ಲಿಸಿದರು. ಒಂದು ಹಿಡಿ ಮಣ್ಣು ಹಾಕಿ ಎಂದರು. ಹಾಕಿದೆ. ಇಬ್ಬರಿಗೂ ಸೇರಿಸಿ ಹಾಕಿದೆ.

ಅವನು ನಿಜವಾಗಿ ನಂಬಿದನೇ ಎಂದು ಪಾಸ್ಟರನ್ನು ಕೇಳಿದೆ. "ನಂಬಿಕೆ ಎಷ್ಟು ಗಟ್ಟಿ ಎಂದು ದೇವರು ಅಳೆಯುವುದಿಲ್ಲ ತಾಯಿ. ಚಾಚಿದ ಕೈ ಸಾಕು ಅವನಿಗೆ" ಎಂದರು.

ಗೊತ್ತಿಲ್ಲ. ನನಗೆ ಗೊತ್ತಿಲ್ಲ.

ಆಗಸ್ಟ್ 3. ನಾಶಿಕ

ಇಷ್ಟು ದಿನ ಒಂದು ಮಾತಿಲ್ಲ ಇವರದು. ಇಂದು ಮಧ್ಯಾಹ್ನ ಗಿರಾಕಿ ಇಳಿದ ಮೇಲೆ ಅಡಿಗೆಮನೆಗೆ ಬಂದರು. ಎಲ್ಲರ ಪಾಲಿಗೆ ಇವರು ಮುದ್ದಣ್ಣ ಶೇಟ್, ಅಡಿಗೆಮನೆಗೆ ಬರುವವರಲ್ಲ. ಕೆಲಸದವರು ಎದ್ದು ಹೊರಗೆ ಹೋದರು.

"ಎಲ್ಲಿ ಇಟ್ಟದ್ದು ಅವನನ್ನು?"

ಹೇಳಿದೆ. ಎಲ್ಲ ಹೇಳಿದೆ. ನೆಲ, ಹೊದಿಕೆ, ಗಂಜಿ, ಲೋಟದ ನೀರು. ಗೋಡೆಗೆ ಒರಗಿ ಕೇಳಿದರು. ಕೊನೆಗೆ ಹಾಗೆಯೇ ಜಾರಿ ಕುಳಿತರು, ಅಕ್ಕಿಮೂಟೆಯ ಪಕ್ಕ.

"ಸಾಯ್ಲಿ ಅಂತ ನಾನು ದಿನಾ ಬೇಡ್ಕೊಂಡೆ ವಾರಿಜಾ. ಕಾಳಾರಾಮನ ಗುಡಿಯಲ್ಲಿ ನಿಂತು. ನನ್ನ ತಮ್ಮ ಸಾಯ್ಲಿ ಅಂತ." ಮೂಗು ಒರೆಸಿಕೊಂಡರು. "ಆ ರಾಧಾಬಾಯಿಗೆ ಫೋನ್ ಮಾಡು. ಅವನಿಗೆ ಸಿಕ್ಕಿದ್ದು ನನಗೂ ಉಂಟಾ ಅಂತ ಕೇಳು."

ಸಂಜೆಯಾಯಿತು. ಇನ್ನೂ ಮಾಡಿಲ್ಲ. ಹೊರಗಿನಿಂದ ಎರಡು ಸಲ ಕೇಳಿದರು, ಫೋನ್ ಹತ್ತಿತಾ ಎಂದು. ನೆಟ್‌ವರ್ಕ್ ಇಲ್ಲ ಎಂದೆ.

ಉಂಟು ಎನ್ನುತ್ತಾರೆ ರಾಧಾಬಾಯಿ. ಕೇಳದೆಯೂ ಗೊತ್ತು. ಅದೇ ಹೆದರಿಕೆ. ಅವನು ತಗೊಂಡ. ಇವರೂ ತಗೊಂಡರೆ ಉಳಿಯುವವಳು ನಾನೊಬ್ಬಳೇ, ಕೈ ಮುಚ್ಚಿಕೊಂಡು. ಮುಚ್ಚಿದ ಕೈಯಲ್ಲಿ ನಿಶ್ಮಿತಾ ಇದ್ದಾಳೆ, ತೆರೆದರೆ ಮತ್ತೆ ಜಾರಿಬಿಡುತ್ತಾಳೆ.