ಬಲೆಚೀಲದ ರೇಷ್ಮೆ

ಅಕ್ಟೋಬರ್ ೧೪, ಮಂಗಳವಾರ

ಮೂರು ವಾರದಿಂದ ನನ್ನ ತಲೆ ತಿನ್ನುತ್ತಿದ್ದ ಕಳ್ಳ ಇವತ್ತು ಸಿಕ್ಕಿಬಿದ್ದ. ಸಂಶೋಧನೆಗೆಂದು ಕಾಡಿನ ನೆಲದಲ್ಲಿ ಆರು ತಿಂಗಳು ಕೊಳೆಯಲು ಬಿಟ್ಟಿದ್ದ ತರಗೆಲೆಯ ಬಲೆಚೀಲಗಳಲ್ಲಿ ಸಾರಜನಕ ವಿಪರೀತ ಹೆಚ್ಚು ಬರುತ್ತಿತ್ತು. ಎಲೆ ಕೊಳೆಸುವ ಶಿಲೀಂಧ್ರಗಳು ಮೊದಮೊದಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು, ಆಮೇಲೆ ಮರಗಳಿಗೆ ಬಿಟ್ಟುಕೊಡುತ್ತವೆ, ನಿಜ. ಆದರೆ ಇಷ್ಟೊಂದಾ? ಅಳೆಯುವ ಯಂತ್ರವನ್ನು ಬೈದೆ, ಮಳೆಯನ್ನೂ ಬೈದೆ.

ಇವತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲೆಪುಡಿಯ ನಡುವೆ ಹೊಳೆಯುವ ಎಳೆಗಳು. ರೇಷ್ಮೆ! ಹೊಲಿಗೆಯ ಒಳತುದಿಗಳು ಸವೆದು ಎಲೆಗೆ ಸೇರಿಕೊಂಡಿವೆ. ಚೀಲ ಹೊಲಿದವರು ನಮ್ಮಪ್ಪ, ನಲವತ್ತು ವರ್ಷದ ದರ್ಜಿ. ನಾನು ಕೊಟ್ಟಿದ್ದು ಸಾರಜನಕವಿಲ್ಲದ ಪಾಲಿಯೆಸ್ಟರ್ ದಾರ.

ಊಟಕ್ಕೆ ಕೂತಾಗ, ನಾನು ಕೊಟ್ಟ ದಾರ ಏನಾಯಿತು ಎಂದು ಅಪ್ಪನನ್ನು ಕೇಳಿದೆ.

"ಆ ಒರಟು ದಾರದಲ್ಲಿ ನನ್ನ ಮಗಳ ಕೆಲಸ ಹೊಲೀಲಾ? ಗಿರಾಕಿಗಳಿಗೂ ಕೊಡದೆ ಎತ್ತಿಟ್ಟಿದ್ದ ರೇಷ್ಮೆ ಹಾಕಿದೆ ಕಣೇ. ಯಾಕೆ, ಹರಿದುಹೋಯ್ತಾ?"

"ಒಂದೂ ಹರಿದಿಲ್ಲ ಅಪ್ಪ."

ರೇಷ್ಮೆಯಲ್ಲಿ ಸಾರಜನಕ ಎಲೆಗಿಂತ ಎಷ್ಟೋ ಪಟ್ಟು ಹೆಚ್ಚು, ನನ್ನ ಲೆಕ್ಕ ಕೆಡಿಸಿದ್ದು ಅದೇ ಎಂದು ಹೇಳಲಿಲ್ಲ.

ಎಳೆಗಳನ್ನು ಆರಿಸಿ ತೆಗೆದು ಮತ್ತೆ ಅಳೆದರೆ ಸರಿಹೋಗುತ್ತದೆ. ಈಗಷ್ಟೇ ವರದಿ ತೆರೆದೆ. ಸಾರಜನಕ ಎಲ್ಲೆಲ್ಲಿಂದ ಬಂತು ಎಂಬ ಪಟ್ಟಿಯಲ್ಲಿ ಎಲೆ, ಮಣ್ಣು, ಮಳೆ ಎಂದಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ 'ಅಪ್ಪ' ಎಂದು ಬರೆದೆ. ಅಳಿಸಬೇಕು. ನಾಳೆ ಅಳಿಸಿದರಾಯಿತು.