ಕಬ್ಬಿಣ ತಾಗದ ಮೆಷಿನ್

ಕುರ್ಲಾ, ಮುಂಬಯಿ
ಆಗಸ್ಟ್ 21

ಶ್ರಾವ್ಯಾಳ ಪಪ್ಪನಿಗೆ ಶೀಲಾವತಿಯ ನಮಸ್ಕಾರ.

ನಿಮ್ಮ ಎದೆಯುರಿ ಈಗ ಹೇಗಿದೆ? ಮಸ್ಕತ್ತಿನ ಸೆಖೆಯಲ್ಲಿ, ಅದೂ ಹೋಟೆಲಿನ ಒಲೆಯ ಮುಂದೆ ಹನ್ನೆರಡು ತಾಸು ನಿಲ್ಲುವವರಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದು ಹೇಳಿ ಪ್ರಯೋಜನವಿಲ್ಲ ಅಂತ ಗೊತ್ತು. ಆದರೂ ಹಸಿದ ಹೊಟ್ಟೆಗೆ ಚಹಾದ ಮೇಲೆ ಚಹಾ ಸುರಿಯಬೇಡಿ. ನನ್ನ ಮೊಣಕಾಲು ಮಳೆ ಬಂದರೆ ನೋಯುತ್ತದೆ, ಬಿಟ್ಟರೆ ಬಿಡುತ್ತದೆ. ಶ್ರಾವ್ಯಾ ಚೆನ್ನಾಗಿದ್ದಾಳೆ. ನಾನು ಬರೆಯುವುದನ್ನು ಬಗ್ಗಿ ನೋಡಿದಳು, ಕನ್ನಡ ಓದಲು ಬರಲಿಲ್ಲ, ‘ಇತ್ನಾ ಲಂಬಾ? ಇಷ್ಟುದ್ದ ಬರೆಯುವ ಬದಲು ಪಪ್ಪನಿಗೆ ವಾಯ್ಸ್ ಮೆಸೇಜ್ ಹಾಕು ಅಲ್ಲವಾ’ ಎಂದು ಕಾಲೇಜಿಗೆ ಹೋದಳು. ಫೋನಿನಲ್ಲಿ ಹೇಳಿದರೆ ನೀವು ಎರಡು ಮಾತಿಗೊಮ್ಮೆ ‘ಆಯಿತು, ಆಯಿತು’ ಎನ್ನುತ್ತೀರಿ, ಹಿಂದಿನಿಂದ ಯಾರೋ ಆರ್ಡರ್ ಕೂಗುತ್ತಾರೆ, ಅಲ್ಲಿಗೆ ನನ್ನ ಮಾತು ಮುಗಿಯುತ್ತದೆ. ಕಾಗದಕ್ಕೆ ನಡುವೆ ಬಾಯಿ ಹಾಕಲಾಗುವುದಿಲ್ಲ. ನಿಮ್ಮ ಹೋಟೆಲಿಗೆ ಕೆಲಸಕ್ಕೆ ಬರುವ ಚೆನ್ನಯನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿಮಗೆ ತಲುಪಿದ ಸುದ್ದಿ ಇಷ್ಟೇ ಇರಬೇಕು. ನಮ್ಮ ಕುಟುಂಬದ ಗೋರೆಗಾಂವ್ ಜಾಗದಲ್ಲಿರುವ ನಾಗನ ಕಲ್ಲಿಗೆ ಅಶುದ್ಧವಾಗಿದೆ, ನೀವು ರಜೆಗೆ ಬಂದಾಗ ಶುದ್ಧಿಗೆ ಆಶ್ಲೇಷಾ ಬಲಿ ಪೂಜೆ ಆಗಬೇಕು, ಹಿರಿಮಗನೆಂದು ನೀವೂ ನಿಮ್ಮ ಪಕ್ಕದಲ್ಲಿ ನಾನೂ ಮಣೆಯ ಮೇಲೆ ಕೂರಬೇಕು. ಭಟ್ಟರನ್ನು ಗೊತ್ತು ಮಾಡಿದ್ದಾರೆ, ಅಡಿಗೆಯವರನ್ನೂ ಗೊತ್ತು ಮಾಡಿದ್ದಾರೆ. ನಾನು ಮಾತ್ರ ಇನ್ನೂ ಹೂಂ ಎಂದಿಲ್ಲ. ನನಗೆ ದೇವರ ಮೇಲೆ ಸಿಟ್ಟಿಲ್ಲ, ನಿಮ್ಮ ಮನೆಯವರ ಮೇಲೆ ಹೇಸಿಗೆ ಹುಟ್ಟಿದೆ. ಆ ಹೇಸಿಗೆ ಇಟ್ಟುಕೊಂಡು ಮಡಿಸೀರೆ ಉಟ್ಟು ಕೂರಲು ನನ್ನಿಂದಾಗದು. ನಿಮ್ಮ ತಮ್ಮ ಸಂದೀಪ ತನಗೆ ಬೇಕಾದ ಹಾಗೆ ನಿಮ್ಮ ಕಿವಿ ತುಂಬುವ ಮೊದಲು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಈ ಸಲ ನಾಗರ ಪಂಚಮಿ ಹತ್ತಿರ ಬಂದಾಗ ಜಾಗದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಮಾವನವರು ಇದ್ದಾಗ ನಾವು ಹೆಂಗಸರೆಲ್ಲ ಸೆರಗು ಬಿಗಿದು ಕೈಯಲ್ಲೇ ಕೀಳುತ್ತಿದ್ದೆವು. ಊರಿನ ಮೂಲ ನಾಗಬನದ ಮಣ್ಣು ತಂದು ಪ್ರತಿಷ್ಠೆ ಮಾಡಿಸಿದ ಕಲ್ಲು, ಅದರ ಸುತ್ತ ಕತ್ತಿ ಹಾರೆ ಯಾವುದೂ ತಾಗಕೂಡದು ಎಂದು ಅವರ ಕಟ್ಟುನಿಟ್ಟು. ಈಗ ಕೀಳುವ ಹೆಂಗಸರು ಯಾರಿದ್ದಾರೆ? ಒಬ್ಬಳಿಗೆ ಉಗುರಿನ ಬಣ್ಣ ಹೋಗುತ್ತದೆ, ಇನ್ನೊಬ್ಬಳಿಗೆ ಸೊಂಟ ಹಿಡಿಯುತ್ತದೆ. ಅಷ್ಟರಲ್ಲಿ ಸೊಳ್ಳೆ ಹುಟ್ಟುತ್ತಿವೆ ಎಂದು ಮುನ್ಸಿಪಾಲ್ಟಿಯವರು ಗೇಟಿಗೆ ನೋಟೀಸ್ ಅಂಟಿಸಿದರು. ಪಕ್ಕದ ಟವರಿನವರು ಕಿಟಕಿಯಿಂದ ಎಸೆದದ್ದೆಲ್ಲ ಆ ಹುಲ್ಲಿನೊಳಗೇ ಇತ್ತು. ಮಕ್ಕಳ ಡೈಪರು, ಬಾಚಿ ಬಿಸಾಡಿದ ಕೂದಲ ಉಂಡೆ, ಕೊಳೆತ ಅನ್ನ ಕಟ್ಟಿದ ಥೈಲಿ, ಬಿಯರ್ ಬಾಟಲಿಯ ಚೂರು. ಮೂವತ್ತನೆಯ ಮಾಳಿಗೆಯಲ್ಲಿ ಕೂತು ಗಾಳಿಗೆ ಅಗರಬತ್ತಿ ಹಚ್ಚುವ ಜನ ಇವರು. ನಮ್ಮವರೂ ಕಡಿಮೆಯೇನಲ್ಲ, ವರ್ಷಕ್ಕೊಮ್ಮೆ ಮೂಗು ಮುಚ್ಚಿಕೊಂಡು ಬಂದು ಹಾಲೆರೆದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಆ ಕೊಳಕನ್ನು ಹೆಕ್ಕಿಸೋಣ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಸಂದೀಪನಿಗೆ ಆಗ ಉಪಾಯ ಹೊಳೆಯಿತು. ಹುಲ್ಲು ಹೆರೆಯುವ ಮೆಷಿನ್‌ಗಳಲ್ಲಿ ಒಂದು ಜಾತಿಗೆ ಬ್ಲೇಡೇ ಇಲ್ಲವಂತೆ. ಉದ್ದ ಕೋಲಿನ ತುದಿಯಲ್ಲಿ ನೈಲಾನ್ ದಾರ ಗರಗರ ತಿರುಗುತ್ತದೆ, ಹುಲ್ಲನ್ನು ಹೊಡೆದು ಉರುಳಿಸುತ್ತದೆ. ಅಂಗಡಿಯವರು ಟ್ರಿಮ್ಮರ್ ಎನ್ನುತ್ತಾರೆ. ಘಾಟ್ಕೋಪರ್ ಚಿಕ್ಕಪ್ಪ ಭಟ್ಟರಿಗೆ ಫೋನ್ ಮಾಡಿ ಕೇಳಿದರು. ದಾರಕ್ಕೆ ದೋಷವಿಲ್ಲ ಎಂದು ಅಪ್ಪಣೆಯಾಯಿತು. ಅಲ್ಲಿಂದ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಶುರುವಾಯಿತು ನೋಡಿ, ಮಗಳ ಮದುವೆಗೆ ಗಂಡು ಹುಡುಕುವಾಗಲೂ ಇಷ್ಟು ಚರ್ಚೆ ಆಗಿರಲಿಕ್ಕಿಲ್ಲ. ಪೆಟ್ರೋಲಿನದು ತೆಗೆದುಕೊಂಡರೆ ನಾಗನ ಮೂಗಿಗೆ ಹೊಗೆ. ಕರೆಂಟಿನದಾದರೆ ಅಷ್ಟುದ್ದ ವಯರ್ ಎಳೆಯುವುದು ಎಲ್ಲಿಂದ. ಬ್ಯಾಟರಿಯದು ಒಳ್ಳೆಯದು, ಆದರೆ ಅರ್ಧ ಗಂಟೆಗೆ ಕೈ ಕೊಡುತ್ತದೆ. ಊರಲ್ಲಿ ಹುಲ್ಲನ್ನೇ ಕಾಣದ ನಿಮ್ಮ ತಂಗಿಯ ಮಕ್ಕಳೂ ಮೆಷಿನ್‌ಗಳ ವಿಡಿಯೋ ಹಾಕಿದ್ದೇ ಹಾಕಿದ್ದು.

ಕೊನೆಗೆ ಸಂದೀಪ ನನ್ನನ್ನೂ ಕರೆದುಕೊಂಡು ಅಂಗಡಿಗೆ ಹೊರಟ. ಹೊರಡುವಾಗ ನಮ್ಮ ಫ್ರಿಜ್ಜಿನ ಬಾಗಿಲಿನಿಂದ ನೀವು ತಂದ ಒಂಟೆಯ ಮ್ಯಾಗ್ನೆಟ್ ಕಿತ್ತು ಜೇಬಿಗೆ ಹಾಕಿಕೊಂಡ. ಯಾಕೆಂದು ಅಂಗಡಿಯಲ್ಲಿ ಗೊತ್ತಾಯಿತು. ಒಂದೊಂದೇ ಮೆಷಿನ್ ಕೆಳಗಿಳಿಸಿ, ತಲೆಯಿಂದ ಬುಡದವರೆಗೆ ಒಂಟೆಯನ್ನು ಓಡಿಸಿದ, ಎಲ್ಲಿ ಅಂಟುತ್ತದೆ ಎಂದು ನೋಡಲು. ಪೆಟ್ರೋಲಿನದಕ್ಕೆ ಗಪ್ಪನೆ ಅಂಟಿತು, ಅದು ಫೇಲ್. ಬ್ಯಾಟರಿಯದರ ಕೋಲು ಅಲ್ಯೂಮಿನಿಯಂ, ಅಂಟಲಿಲ್ಲ. ಮೋಟರಿನ ಒಳಗೆ ಕಬ್ಬಿಣ ಇರುತ್ತದಲ್ಲ ಎಂದು ನಾನು ಕೇಳಿದರೆ, ಚಿಕ್ಕಪ್ಪ ವಿಡಿಯೋ ಕಾಲ್‌ನಲ್ಲಿ, ಒಳಗಿರುವುದು ಲೆಕ್ಕಕ್ಕಿಲ್ಲ, ಹೊರಗೆ ಕಾಣುವುದು ಮಾತ್ರ ಲೆಕ್ಕ ಎಂದರು. ಅವರ ಇಡೀ ಜೀವನದ ಸಿದ್ಧಾಂತ ಅದೇ ಅಲ್ಲವೇ. ಅಂಗಡಿಯವನು ನಗು ತಡೆಯಲಾರದೆ ಒಳಗೆ ಹೋಗಿ ನೀರು ಕುಡಿದು ಬಂದ.

ಒಂಟೆ ಮತ್ತೆ ಅಂಟಿದ್ದು ಗಾರ್ಡಿಗೆ. ದಾರ ತಿರುಗುವಲ್ಲಿ, ಮೆಷಿನ್ ಹಿಡಿದವನ ಕಡೆಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಮರೆ ಇರುತ್ತದೆ. ಕಲ್ಲು ಮಣ್ಣು ಮೈಗೆ ಹಾರದಿರಲಿ ಎಂದು. ಅದರ ಅಂಚಿನಲ್ಲಿ ಉದ್ದವಾದ ದಾರವನ್ನು ತುಂಡರಿಸಲು ಬೆರಳಗಲದ ಒಂದು ಉಕ್ಕಿನ ಪಟ್ಟಿ, ಜೊತೆಗೆ ಸ್ಕ್ರೂಗಳು. ಅಂಗಡಿಯವನು ಆಗ ನಗಲಿಲ್ಲ. ‘ಗಾರ್ಡ್ ಕೇ ಬಿನಾ ಮತ್ ಚಲಾನಾ ಸೇಠ್, ಆಂಖ್ ಜಾಯೇಗಿ’ ಎಂದ. ಗಾರ್ಡ್ ಇಲ್ಲದೆ ನಡೆಸಿದರೆ ಕಣ್ಣು ಹೋಗುತ್ತದೆ ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ, ಸಂದೀಪನೂ ಕೇಳಿದ್ದಾನೆ. ಕಣ್ಣಿಗೆ ಹಾಕುವ ದಪ್ಪ ಕನ್ನಡಕ ಕೊಡಲೇ ಎಂದೂ ಕೇಳಿದ. ಹುಲ್ಲು ಹೆರೆಯುವವನಿಗೆ ಕನ್ನಡಕ ಯಾಕೆ ಎಂದು ಸಂದೀಪ ಕೈ ಬೀಸಿ ಬೇಡವೆಂದ. ಮನೆಗೆ ಬಂದು ಗಾರ್ಡಿನ ಫೋಟೋ ಗುಂಪಿಗೆ ಹಾಕಿ, ಇದೊಂದು ಕಬ್ಬಿಣ ಉಳಿದಿದೆ, ಬಿಚ್ಚಿಬಿಡಲೇ ಎಂದು ಕೇಳಿದ. ಕಣ್ಣಿನ ಮಾತು ಹಾಕಲಿಲ್ಲ. ನಾನು ಅಂಗಡಿಯವನು ಹೇಳಿದ್ದನ್ನು ಕೆಳಗೆ ಬರೆದೆ. ನನ್ನ ಮಾತಿನ ಮೇಲೆ ಯಾರೋ ಗುಡ್ ಮಾರ್ನಿಂಗ್ ಹೂವು ಹಾಕಿದರು, ಅಷ್ಟರೊಳಗೆ ಒಪ್ಪಿಗೆಯೂ ಬಂದಿತ್ತು. ಗಾರ್ಡ್ ಹೋಯಿತು.

ಮೆಷಿನ್ ಹಿಡಿದದ್ದು ಜಾಗ ಕಾಯುವ ಅಣವೀರಪ್ಪ. ಯಾದಗಿರಿ ಕಡೆಯವನು, ಗೇಟಿನ ಪಕ್ಕದ ಶೆಡ್ಡಿನಲ್ಲಿ ಹೆಂಡತಿ ಹಾಲವ್ವನ ಜೊತೆ ಇದ್ದಾನಲ್ಲ, ಅವನೇ. ಅವನೇನು ಸಾಧುವಲ್ಲ. ಜಾಗದ ತೆಂಗಿನಕಾಯಿ ಮಾರಿಕೊಳ್ಳುತ್ತಾನೆಂದು ನಿಮ್ಮ ಹತ್ತಿರ ದೂರು ಹೇಳಿದವಳೂ ನಾನೇ. ಮೆಷಿನ್ ಕಂಡದ್ದೇ ಮೀಸೆ ತಿರುವಿ, ಇಂಥಾವು ಹತ್ತು ನಡಸೇನಿ ಅಂದ. ಸಂದೀಪ ಅವನಿಗೆ ಸ್ನಾನ ಮಾಡಿ ಬಾ, ಬಾಯಿಯ ತಂಬಾಕು ಉಗಿ, ಚಪ್ಪಲಿ ಬಿಡು ಎಂದೆಲ್ಲ ಹೇಳಿದ. ಕಣ್ಣು ಜೋಪಾನ ಎಂದು ಹೇಳಲಿಲ್ಲ. ಬರಿಗಾಲಲ್ಲಿ, ಬರಿಗಣ್ಣಲ್ಲಿ ಅವನು ಶುರುಮಾಡಿದ. ಮೊದಲು ಹಾರಿದ್ದು ಡೈಪರು. ಛಿದ್ರವಾಗಿ ನಾಗನ ಕಲ್ಲಿಗೂ, ಪಕ್ಕದಲ್ಲಿ ಹಾಲಿನ ತನು ಹಾಕಲು ನಾನು ತೊಳೆದಿಟ್ಟಿದ್ದ ತಂಬಿಗೆಗೂ, ನನ್ನ ಸೀರೆಗೂ ರಾಚಿತು. ಸಂದೀಪ ಥೂ ಥೂ ಎನ್ನುತ್ತ ಹಿಂದಕ್ಕೆ ಹೋದ. ನಾನು ಮುಖ ಆ ಕಡೆ ತಿರುಗಿಸಿದೆ, ಆಗಲೇ ಅಣವೀರಪ್ಪ ಕೂಗಿದ್ದು. ತಿರುಗಿ ನೋಡಿದರೆ ಮೊಣಕಾಲೂರಿ ಕೂತಿದ್ದ, ಎಡಗಣ್ಣಿನ ಮೇಲೆ ಕೈ, ಬೆರಳ ಸಂದಿಯಿಂದ ರಕ್ತ. ಬಾಟಲಿಯ ಚೂರು.

ಈಗ ಬರೆಯುವುದನ್ನು ನಿಧಾನವಾಗಿ ಓದಿ. ನಿಮ್ಮ ತಮ್ಮ ಫೋನ್ ತೆಗೆದ. ಆಂಬುಲೆನ್ಸಿಗೆ ಎಂದುಕೊಂಡೆ. ಅಲ್ಲ, ಚಿಕ್ಕಪ್ಪನಿಗೆ. ‘ಚಿಕ್ಕಪ್ಪ, ಬನದಲ್ಲಿ ರಕ್ತ ಬಿತ್ತು ಮಾರಾಯ್ರೆ, ಎಂತ ಮಾಡುವುದು’ ಎಂದು ಕೇಳುತ್ತಿದ್ದ. ಅಣವೀರಪ್ಪ ನೋವಿಗೆ ಕಲ್ಲಿನ ಕಡೆಗೇ ವಾಲುತ್ತಿದ್ದ, ಇವನು ದೂರದಿಂದಲೇ ಆ ಕಡೆ ಹೋಗಬೇಡ, ಈ ಕಡೆ ಬಾ ಎಂದು ನಾಯಿಯನ್ನು ಅಟ್ಟುವ ಹಾಗೆ ಕೈ ಬೀಸುತ್ತಿದ್ದ. ಹಾಲವ್ವ ಒಂದು ರಟ್ಟೆ ಹಿಡಿದಳು, ನಾನೊಂದು ಹಿಡಿದೆ. ರಿಕ್ಷಾದವನು ರಕ್ತ ನೋಡಿ ಬೇಡವೆಂದ, ಎರಡನೆಯವನು ಒಪ್ಪಿದ. ನಾವು ಗೇಟು ದಾಟುವಾಗ ಸಂದೀಪ ಹಿಂದಿನಿಂದ, ಅತ್ತಿಗೆ, ನೀವು ಮುಟ್ಟಿದಿರಿ, ಇನ್ನು ನೀವು ಹಾಲೆರೆಯುವ ಹಾಗಿಲ್ಲ ಎಂದ. ನಾನು ಅಣವೀರಪ್ಪನನ್ನು ರಿಕ್ಷಾಕ್ಕೆ ಹತ್ತಿಸಿದೆ. ಬಾಯಿ ತೆರೆದಿದ್ದರೆ ಈ ಕಾಗದದಲ್ಲಿ ಬರೆಯಲು ಆಗದಂಥ ಮಾತು ಬರುತ್ತಿತ್ತು.

ಒಂದು ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು. ಆ ಕಣ್ಣಿಗೆ ಬೆಳಕು ಗೊತ್ತಾದರೆ ಹೆಚ್ಚು, ಮುಖ ಕಾಣುವ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರು. ನಾನು ದಿನಾ ದಾದರಿನಲ್ಲಿ ಗಾಡಿ ಬದಲಿಸಿ ಆಸ್ಪತ್ರೆಗೆ ಹೋಗಿ ಗಂಜಿ ಕೊಟ್ಟು ಬರುತ್ತೇನೆ. ನಿಮ್ಮ ಮನೆಯವರಲ್ಲಿ ಇನ್ನೊಬ್ಬರ ನೆರಳು ಅಲ್ಲಿ ಬಿದ್ದಿಲ್ಲ. ಗುಂಪಿನಲ್ಲಿ ಮಾತ್ರ ಮೂರು ಹೊತ್ತೂ ಅದೇ ಚರ್ಚೆ, ರಕ್ತ ಬಿದ್ದ ಮಣ್ಣನ್ನು ಎಷ್ಟು ಆಳಕ್ಕೆ ತೆಗೆಯಬೇಕು, ಬಲಿಯ ದಿನ ಪಾಯಸ ಕಡಲೆಬೇಳೆಯದೋ ಹೆಸರುಬೇಳೆಯದೋ. ಅಣವೀರಪ್ಪ ಹಿಂದಿನ ದಿನ ಮೀನು ತಿಂದಿದ್ದನಂತೆ, ಅದಕ್ಕೇ ಹೀಗಾಯಿತು ಎಂದು ಚಿಕ್ಕಪ್ಪ ಬರೆದರು. ಬಂಗುಡೆ ಇಲ್ಲದೆ ಊಟಕ್ಕೆ ಕೂರದ ಚಿಕ್ಕಪ್ಪ. ಸಂದೀಪ ಬೇರೆ ವಾಚ್‌ಮನ್ ಹುಡುಕುತ್ತಿದ್ದಾನೆ, ಇವನ ಕಾಲ್ಗುಣ ಸರಿಯಿಲ್ಲವಂತೆ. ಇದು ಹಾಲವ್ವನ ಕಿವಿಗೂ ಬಿದ್ದಿದೆ. ‘ಕಾಯೋ ಮನಷ್ಯಾಗ ಒಂದ ಕಣ್ಣ ಸಾಲಂಗಿಲ್ಲೇನ್ರಿ ಅಕ್ಕಾರ’ ಎಂದು ಕೇಳಿದಳು. ನಾನು ಅವಳ ಮುಖ ನೋಡದೆ ಗಂಜಿಯ ಪಾತ್ರೆ ತೊಳೆಯಲು ಎದ್ದುಹೋದೆ.

ಅದಕ್ಕಿಂತಲೂ ಹೇಸಿಗೆ ಹುಟ್ಟಿಸಿದ್ದು ಇನ್ನೊಂದು ಮಾತು. ಮೊನ್ನೆ ಅಣವೀರಪ್ಪ ಪಟ್ಟಿ ಕಟ್ಟಿದ ತಲೆ ಎತ್ತಿ, ‘ಅಕ್ಕಾರ, ನನ್ನ ನೆತ್ತರ ಬಿದ್ದು ನಾಗಪ್ಪಗ ಮೈಲಿಗಿ ಆತಂತಲ್ರಿ. ಒಂದ ಕಣ್ಣ ತಗೊಂಡಾನ, ಇನ್ನೊಂದ ಬಿಡಪ್ಪಾ ಅಂತ ನೀವಽ ಕೈಮುಗೀರಿ’ ಎಂದ. ಚಿಕ್ಕಪ್ಪ ಫೋನ್ ಮಾಡಿ ಅವನ ತಲೆಗೆ ಇದನ್ನು ತುಂಬಿದ್ದಾರೆ. ಗಾರ್ಡ್ ಎನ್ನುವುದೊಂದಿತ್ತು, ಅದನ್ನು ಬಿಚ್ಚಿ ತನ್ನ ಕೈಗೆ ಕೊಟ್ಟರು ಎಂಬುದು ಅವನಿಗೆ ಗೊತ್ತೇ ಇಲ್ಲ. ಮನುಷ್ಯನ ಕಣ್ಣು ತೆಗೆದು ಅದನ್ನು ದೇವರ ಲೆಕ್ಕಕ್ಕೆ ಬರೆಯುವುದು ಎಂಥ ಕೊಳಕು ಬುದ್ಧಿ ಹೇಳಿ. ಟವರಿನವರು ಎಸೆದದ್ದನ್ನು ಸೀರೆಯಿಂದ ತೊಳೆದುಕೊಂಡೆ. ಇದು ಹೋಗುತ್ತಿಲ್ಲ.

ಇಷ್ಟೇ ಸಂಗತಿ. ಚೆನ್ನಯನ ಕೈಯಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ನಿಮ್ಮ ಎದೆಯುರಿಗೆ ಪುನರ್ಪುಳಿ ಕಳಿಸಿದ್ದೇನೆ. ಉಪ್ಪಿನಕಾಯಿ ರೂಮಿನವರಿಗೂ ಕೊಡಿ, ಒಬ್ಬರೇ ಮುಗಿಸಬೇಡಿ. ರಾತ್ರಿ ಏಸಿ ಹಾಕಿಕೊಂಡು ಬರಿಮೈಯಲ್ಲಿ ಮಲಗಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಅವನ ಮೇಲೆ ನನಗಿನ್ನೂ ನಂಬಿಕೆ ಇದೆ.

ನಿಮ್ಮ
ಶೀಲಾ

ತಾ.ಕ.: ಚೆನ್ನಯ ಕೆಳಗೆ ರಿಕ್ಷಾ ನಿಲ್ಲಿಸಿ ಕೂಗುತ್ತಿದ್ದಾನೆ. ಅಂಟಿಸಿದ ಕವರು ಮತ್ತೆ ಹರಿದು ಬರೆಯುತ್ತಿದ್ದೇನೆ. ಗಾರ್ಡ್ ಬಿಚ್ಚಲೇ ಎಂದು ಸಂದೀಪ ಕೇಳಿದಾಗ ಎಲ್ಲರಿಗಿಂತ ಮೊದಲು ‘ಬಿಚ್ಚು, ಅದರಲ್ಲಿ ಕೇಳುವುದೆಂತ’ ಎಂದು ಬರೆದವರು ನೀವು. ಕೆಲಸದ ಗಡಿಬಿಡಿಯಲ್ಲಿ ಬರೆದು ಮರೆತಿರಬಹುದು, ಗುಂಪಿನಲ್ಲಿ ಆಮೇಲೆ ಬಂದದ್ದನ್ನು ಓದಿರಲಿಕ್ಕೂ ಇಲ್ಲ. ಹಿರಿಯಣ್ಣ ಹೂಂ ಎಂದ ಮೇಲೆಯೇ ಅವನು ಸ್ಕ್ರೂ ಬಿಚ್ಚಿದ್ದು. ಅಣವೀರಪ್ಪನಿಗೆ ಇದನ್ನು ನಾನು ಹೇಳಿಲ್ಲ, ನೀವೇ ಹೇಳಬೇಕು. ವಿಮಾನ ಇಳಿದವರು ಮನೆಗೆ ಬರಬೇಡಿ, ನೇರ ಆಸ್ಪತ್ರೆಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ. ಅವನ ಮುಂದೆ ಕೂತು, ನಿನ್ನ ಕಣ್ಣು ತೆಗೆದದ್ದು ನಾಗನಲ್ಲ, ನಾವು ಎಂದು ಹೇಳಿ. ಹೇಳಿದರೆ ನಿಮ್ಮ ಪಕ್ಕದ ಮಣೆಯ ಮೇಲೆ ಕೂರುತ್ತೇನೆ. ಆಗುವುದಿಲ್ಲವಾದರೆ ಸಂದೀಪನಿಗೆ ಫೋನ್ ಮಾಡಿ ತಿಳಿಸಿ, ಒಂದೇ ಮಣೆ ಹಾಕಿಸಲಿ.